ಕೆಳಗಿನ ಟೀಮಿನ ಎಡಚ

ಪಂಪಾವತಿಯ ಬೆರಳು ಸ್ಕ್ರೀನಿನ ಮೇಲೆ ಮೂರನೇ ಸಲ ಮೇಲಿಂದ ಕೆಳಕ್ಕೆ ಇಳಿಯಿತು. ಕೊನೆಯ ಹೆಸರಿಗೆ ಬಂದು ನಿಂತಿತು.

"ಪ್ರಿಯಾ, ನನ್ನ ಎಡಚ ಎಲ್ಲಿ?"

ಶ್ರೀಪ್ರಿಯಾ ಕಿಟಕಿ ಕಡೆ ತಿರುಗಿದಳು. ಹೊರಗೆ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. "ಇರಬೇಕು. ಸರಿಯಾಗಿ ನೋಡು" ಅಂದಳು.

ಇರಲಿಲ್ಲ. ಅದು ಅವಳಿಗೆ ಗುರುವಾರದಿಂದಲೇ ಗೊತ್ತು.

ಇಬ್ಬರೂ ಐದನೇ ಕ್ಲಾಸು, ಒಂದೇ ಬೆಂಚು. ಶ್ರೀಪ್ರಿಯಾಳ ಅಪ್ಪ ಕಮಲಾಕರ ಗಣಿ ಆಫೀಸಿನಲ್ಲಿದ್ದರು. ಪಂಪಾವತಿಯ ಅಪ್ಪ ಹೊನ್ನೂರುಸ್ವಾಮಿ ಲಾರಿ ಓಡಿಸುತ್ತಿದ್ದರು. ಆ ವರ್ಷ ಹೊಸಪೇಟೆಯಲ್ಲಿ ಮನೆಮನೆಗೂ ಏನಾದರೊಂದು ಹೊಸದು ಬರುತ್ತಿತ್ತು. ಶ್ರೀಪ್ರಿಯಾಳ ಮನೆಗೆ ಕಂಪ್ಯೂಟರ್ ಬಂತು. ಕೆಂಪು ಧೂಳು ಕೂರದಂತೆ ಅದಕ್ಕೊಂದು ಹಳೇ ಸೀರೆ ಹೊದಿಸುತ್ತಿದ್ದರು.

ಆಟದ ಸಿ.ಡಿ. ಮಾತ್ರ ಹಂಪಿಯದು. ಗೆಸ್ಟ್ ಹೌಸಿನಲ್ಲಿ ಇಳಿದಿದ್ದ ಯಾರೋ ಅಮೆರಿಕದವರು ಮರೆತು ಹೋದದ್ದು, ಹೇಗೋ ಇವರ ಕೈ ಸೇರಿತ್ತು. ಬೇಸ್‌ಬಾಲ್ ಆಟ. ಇಬ್ಬರೂ ಬೇಸ್‌ಬಾಲ್ ಅಂದರೆ ಹೇಗಿರುತ್ತದೆ ಅಂತ ಕಣ್ಣಿಂದ ಕಂಡವರಲ್ಲ. ಒತ್ತಿ ಒತ್ತಿಯೇ ಕಲಿತರು. ಮ್ಯಾಚನ್ನು ಕಂಪ್ಯೂಟರೇ ಆಡಿಸುತ್ತದೆ. ಯಾರು ಆಡಬೇಕು, ಯಾರು ಕೂರಬೇಕು ಅನ್ನುವುದಷ್ಟೇ ಇವರ ಕೆಲಸ. ಮೇಲೊಂದು ದೊಡ್ಡ ಟೀಮು, ಅದರಲ್ಲಿ ಇಪ್ಪತ್ತೈದೇ ಮಂದಿ. ಕೆಳಗೊಂದು ಟೀಮು, ಅದರಲ್ಲಿ ಇನ್ನೂ ಕಲಿಯುವ ಹುಡುಗರು; ಪಳಗಿದವರನ್ನು ಮೇಲಿನ ಟೀಮಿಗೆ ಕಳಿಸಬಹುದು.

"ಕಂಪ್ಯೂಟರ್ ನಮ್ದು, ದೊಡ್ಡ ಟೀಮು ನಂದು" ಅಂದಿದ್ದಳು ಶ್ರೀಪ್ರಿಯಾ.

"ಆತು ಬಿಡು, ಕೆಳಗಿಂದು ನನಗಿರ್ಲಿ" ಅಂದಿದ್ದಳು ಪಂಪಾವತಿ.

ಆಡುವುದು ಭಾನುವಾರ ಮಾತ್ರ, ಇಬ್ಬರೂ ಇದ್ದಾಗ ಮಾತ್ರ ಅಂತ ಮಾತಾಗಿತ್ತು.

ಎಡಚ ಕೆಳಗಿನ ಟೀಮಿನಲ್ಲಿ ಬಾಲ್ ಎಸೆಯುವ ಹುಡುಗ. ಅವನ ಇಂಗ್ಲಿಷ್ ಹೆಸರಿಗೆ ನಾಲಿಗೆ ಹೊರಳದೆ, ಎಡಗೈಯವನು ಅಂತ ಪಂಪಾವತಿಯೇ ಹಾಗೆ ಕರೆದಳು. ಬಂದ ಹೊಸದರಲ್ಲಿ ಎಂಟು ಮ್ಯಾಚು ಸೋತ. "ತೆಗದು ಹಾಕ್ಲೇ ಅವನ್ನ" ಅಂತ ಶ್ರೀಪ್ರಿಯಾ ಅಂದರೂ ಪಂಪಾವತಿ ಕೇಳಲಿಲ್ಲ. ಆಟದ ಲೆಕ್ಕದಲ್ಲಿ ನಾಲ್ಕು ದಿನ ಕೂರಿಸಿ ಐದನೇ ದಿನ ಆಡಿಸುವಳು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಒಂಬತ್ತನೆಯದು ಗೆದ್ದ. ಆಮೇಲೆ ಗೆಲ್ಲುತ್ತಲೇ ಹೋದ.

ಗುರುವಾರ ಸಂಜೆ ಶ್ರೀಪ್ರಿಯಾ ಒಬ್ಬಳೇ ಕಂಪ್ಯೂಟರ್ ಮುಂದೆ ಕೂತಿದ್ದಳು. ಕಂಪ್ಯೂಟರ್ ಆಡಿಸುವ ಇನ್ನೊಂದು ಟೀಮಿನವರು ಸ್ಕ್ರೀನಿನ ಮೇಲೆ ಕೇಳಿದ್ದರು: ಎಡಚನನ್ನು ಕೊಡಿ, ನಮ್ಮ ದೊಡ್ಡ ಬ್ಯಾಟ್ಸ್‌ಮನ್ನನ್ನು ತಗೊಳ್ಳಿ ಅಂತ. ಕೊಟ್ಟರೆ ಏನಾಗುತ್ತದೋ ನೋಡೋಣ, ಸೇವ್ ಮಾಡದೆ ಮುಚ್ಚಿಬಿಟ್ಟರಾಯಿತು ಅಂದುಕೊಂಡು ಯೆಸ್ ಒತ್ತಿದಳು.

ಅಷ್ಟರಲ್ಲಿ ಬಲ್ಬು ಮಿಣುಕಿತು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರು. ಬಲ್ಬು ಮಿಣುಕಿತೋ, ಸೇವ್ ಒತ್ತಬೇಕು. ಅಪ್ಪ ಕಲಿಸಿದ ಮೊದಲ ಪಾಠ ಅದು. ಬೆರಳು ತಾನಾಗಿಯೇ ಒತ್ತಿತು. ಕರೆಂಟ್ ಹೋಯಿತು. ಮತ್ತೆ ಬಂದಾಗ ಎಡಚ ಇರಲಿಲ್ಲ.

"ಕಂಪ್ಯೂಟರೇ ಎಲ್ಲಿಗೋ ಕಳಿಸಿರಬೇಕು" ಅಂದಳು ಈಗ ಶ್ರೀಪ್ರಿಯಾ.

"ಅದು ನಮ್ಮನ್ನ ಕೇಳದ ಯಾರನ್ನೂ ಕಳಸಂಗಿಲ್ಲ. ಯೆಸ್ ಒತ್ತಬೇಕು."

ಶ್ರೀಪ್ರಿಯಾಳ ಕಿವಿ ಬಿಸಿಯಾದವು. ನಡೆದದ್ದೆಲ್ಲ ಹೇಳಿದಳು. ಹೇಳಿ ಮುಗಿಸಿ ಸುಮ್ಮನಿದ್ದಿದ್ದರೆ ಆಗುತ್ತಿತ್ತೇನೋ. "ಆಟದೊಳಗಿನ ಹುಡುಗ ಅವ. ನಿನ್ನ ತಮ್ಮನೇನು, ಅಷ್ಟು ಮುಖ ಊದಿಸಲಿಕ್ಕೆ?" ಅಂತಲೂ ಅಂದುಬಿಟ್ಟಳು.

ಪಂಪಾವತಿ ಎದ್ದಳು. "ಎರಡೂ ಟೀಮು ನೀನೇ ಇಟ್ಕಾ." ಚಪ್ಪಲಿ ಮೆಟ್ಟಿ ಹೋದಳು. ನೋಟ್‌ಬುಕ್ಕು ಮೇಜಿನ ಮೇಲೇ ಉಳಿಯಿತು.

"ಇಟ್ಕೋತೀನಿ, ಏನೀಗ!" ಅಂದಳು ಶ್ರೀಪ್ರಿಯಾ, ಕೇಳುವವರು ಇಲ್ಲದ ಮೇಲೆ.

ಕೆಳಗಿನ ಟೀಮು ಅವಳ ಕೈಯಲ್ಲಿ ಆರು ಮ್ಯಾಚು ಸೋತಿತು. ಒಬ್ಬನಿಗೆ ಭುಜ ನೋವು. ಇನ್ನೊಬ್ಬ ದಿನಾ ಆಡಿ ಸುಸ್ತಾಗಿದ್ದ. ನಾಳೆ ಯಾರು ಎಸೆಯಬೇಕು ಅಂತ ಕಂಪ್ಯೂಟರ್ ಕೇಳಿತು. ಗೊತ್ತಾಗಲಿಲ್ಲ. ನೋಟ್‌ಬುಕ್ಕು ತೆಗೆದಳು.

ಒಬ್ಬೊಬ್ಬ ಹುಡುಗನಿಗೆ ಒಂದೊಂದು ಹಾಳೆ. "ಇವನು ಅಂಜುಬುರುಕ. ಗೆಲ್ಲೋ ಮ್ಯಾಚಿನಾಗ ಮೊದ್ಲು ಆಡಸಬೇಕು." "ಇವನಿಗೆ ವಯಸ್ಸಾತು, ಆದ್ರೂ ಇರ್ಲಿ. ಸಣ್ಣವರು ಇವನ ಜೊತಿ ಚೆಂದ ಆಡ್ತಾರ." ಎಡಚನ ಹಾಳೆಯ ತುಂಬ ದಿನ, ರೆಸ್ಟು, ಸೋಲು, ಗೆಲುವು. ಎಲ್ಲದರ ಕೆಳಗೆ ಒಂದು ಸಾಲು:

"ರೆಡಿ ಆಗ್ಯಾನ. ಈ ಭಾನುವಾರ ಪ್ರಿಯಾನ ಟೀಮಿಗೆ ಕೊಡಬೇಕು."

ಶ್ರೀಪ್ರಿಯಾ ಅದನ್ನು ಎರಡು ಸಲ ಓದಿದಳು. ಅಜ್ಜಿ ಯಮುನಾಬಾಯಿ ಅಡುಗೆಮನೆಯಿಂದ ಊಟಕ್ಕೆ ಕರೆದರು. ಕೇಳಿಸಲಿಲ್ಲ.

ಎಡಚನನ್ನು ವಾಪಸ್ ಕೊಡಿ ಅಂತ ಆ ಟೀಮಿಗೆ ಕೇಳಿದಳು. ನೋ. ಬ್ಯಾಟ್ಸ್‌ಮನ್ ಜೊತೆಗೆ ಇನ್ನಿಬ್ಬರನ್ನು ಕೊಡುತ್ತೇನೆ ಅಂದಳು. ನೋ. ತನ್ನ ದೊಡ್ಡ ಟೀಮಿನ ಮುಂದಿನ ಮ್ಯಾಚು ಅವರ ಮೇಲೇ ಇತ್ತು. ಪೂರ್ತಿ ನೋಡಿದಳು. ನೋಡಿ, ನೋಟ್‌ಬುಕ್ಕು ಹಿಡಿದು ಪಂಪಾವತಿಯ ಮನೆಗೆ ನಡೆದಳು.

ಪಂಪಾವತಿ ಬಾಗಿಲ ಮುಂದೆ ಅಪ್ಪನ ಖಾಕಿ ಅಂಗಿ ಹಿಂಡುತ್ತಿದ್ದಳು. ನೀರು ಕೆಂಪಗೆ ಇಳಿಯುತ್ತಿತ್ತು. ತಲೆ ಎತ್ತಲಿಲ್ಲ.

"ನಿನ್ನ ಕೇಳದ ಒತ್ತಿದೆ. ಆಮೇಲೆ ಸುಳ್ಳೂ ಹೇಳಿದೆ. ತಪ್ಪಾತು" ಅಂದಳು ಶ್ರೀಪ್ರಿಯಾ. "ವಾಪಸ್ ಕೇಳಿದೆ. ಕೊಡಲ್ಲ ಅಂತಾರ."

ಪಂಪಾವತಿ ಅಂಗಿ ಕೊಡವಿದಳು. ಹಗ್ಗಕ್ಕೆ ಹಾಕುತ್ತ ಕೇಳಿದಳು, "ಅಲ್ಲಿ ಎಲ್ಲಿ ಇಟ್ಟಾರ ಅವನ್ನ? ಮ್ಯಾಲಾ, ಕೆಳಗಾ?"

"ಮ್ಯಾಲೆ. ದೊಡ್ಡ ಟೀಮಿನಾಗ. ಈಗ ಆಡಿದ."

"ಯಾರ ಮ್ಯಾಲೆ?"

"ನಮ್ಮ ಮ್ಯಾಲೆ."

ಪಂಪಾವತಿಯ ಕೈ ನಿಂತಿತು. "ಗೆದ್ದನಾ?"

"ಗೆದ್ದ."

"ಅವ್ರು ಕೊಟ್ಟ ಬ್ಯಾಟ್ಸ್‌ಮನ್ ಏನು ಮಾಡ್ದ ಮತ್ತ?"

"ಮೂರು ಸಲ ಬಂದ. ಮೂರೂ ಸಲ ಔಟ್. ಬಾಲಿಗೆ ಬ್ಯಾಟು ತಾಗಲೇ ಇಲ್ಲ."

ಪಂಪಾವತಿ ತುಟಿ ಕಚ್ಚಿ ಹಿಡಿದಳು. ಆದರೂ ನಗು ಬಂದೇಬಿಟ್ಟಿತು. ಒದ್ದೆ ಕೈ ಲಂಗಕ್ಕೆ ಒರೆಸಿಕೊಂಡು ಮೆಟ್ಟಿಲ ಮೇಲೆ ಜಾಗ ಬಿಟ್ಟು ಕೂತಳು.

"ಕುಂದ್ರು. ಮೊದಲ ಬಾಲಿಂದ ಹೇಳು."

ಶ್ರೀಪ್ರಿಯಾ ಹೇಳತೊಡಗಿದಳು. ತನ್ನ ಟೀಮಿನವರು ಒಬ್ಬೊಬ್ಬರೂ ಎಡಚನ ಮುಂದೆ ಹೇಗೆ ಬಂದರು, ಹೇಗೆ ಹೋದರು ಅಂತ ಒಂದನ್ನೂ ಬಿಡದೆ, ಅವಸರ ಮಾಡದೆ ಹೇಳಿದಳು.