ಆರು ಅಂಕಿಯ ನಿಯಮ

“ಅಕ್ಕಾರ, ನಿಮ್ಮ ಮೊಬೈಲಿಗೆ ಈಗ ಆರು ಅಂಕಿ ಬಂದಾವೇನ್ರಿ?”

ಪ್ರಾಜಕ್ತಾ ಹೊಲಿಗೆ ಮಶಿನ್ನಿನ ಗಾಲಿಯನ್ನು ಅಂಗೈಯಿಂದ ತಡೆದು ನಿಲ್ಲಿಸಿದಳು. ಏಕಸಂಬಿಯ ಬಸದಿ ಓಣಿಯಲ್ಲಿ ಅವಳ ಮನೆ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಫೋನು ಎತ್ತಿದೊಡನೆ ಆಚೆಯಿಂದ ಒಬ್ಬ ಗಂಡಸಿನ ಧ್ವನಿ. ಕೇಳಿದ್ದು ಇದೊಂದೇ ಮಾತು.

“ಬಂದಾವ. ಏನೀಗ?”

“ಅವನ್ನ ಸ್ವಲ್ಪ ಹೇಳತೀರೇನ್ರಿ?”

“ಹೇಳತೀನಿ, ಯಾಕ ಹೇಳೂದಿಲ್ಲ? ಮೊದಲು ನಿನ್ನ ಊರು ಹೇಳು. ನಿಮ್ಮವ್ವನ ಹೆಸರು ಹೇಳು. ಪೊಲೀಸ್ ಠಾಣೆ ಎಷ್ಟು ದೂರ ಐತಿ ಅದನ್ನೂ ಹೇಳು. ಕೈಕಾಲು ನೆಟ್ಟಗಿಟ್ಟಾನ ದೇವರು, ದುಡದು ತಿನ್ನಾಕ ಏನಾಗೈತಿ ನಿನಗ?”

“ಊರು ಜುಗೂಳ್ರಿ,” ಎಂದಿತು ಆ ಧ್ವನಿ, ಒಂದೊಂದಕ್ಕೂ ಉತ್ತರ ಕೊಡುತ್ತ. “ನಮ್ಮವ್ವನ ಹೆಸರು ಅಕ್ಕುತಾಯಿ. ಠಾಣೆ ಕಾಗವಾಡದಾಗ ಐತ್ರಿ, ಗಾಡಿ ಮ್ಯಾಲೆ ಬಾಳ ಹೊತ್ತೇನಿಲ್ಲ.”

ಪ್ರಾಜಕ್ತಾಳಿಗೆ ನಗು ಬಂದುಬಿಡುವುದರಲ್ಲಿತ್ತು. ತುಟಿ ಕಚ್ಚಿ ತಡೆದುಕೊಂಡಳು. ಕಳ್ಳರು ನಗಿಸಿಯೇ ಕದಿಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

“ಈ ನಂಬರ ನನ್ನ ಹೆಂಡತಿದಾಗಿತ್ರಿ,” ಎಂದ ಆತ. “ಕುಸುಮ ಅಂತ. ಆಕಿ ಹೋಗಿ ಎರಡೂವರಿ ವರ್ಷ ಆತು. ನಾ ರಿಚಾರ್ಜ್ ಮಾಡಸಲಿಲ್ಲ, ಕಂಪನಿಯವರು ನಿಮಗ ಕೊಟ್ಟಿರಬೇಕು. ಈಗ ಆಕಿ ಫೇಸ್‌ಬುಕ್ ಖಾತೆಯೊಳಗ ಯಾರೋ ಹೊಕ್ಕಾರ. ‘ದವಾಖಾನಿಯಾಗ ಅದೀನಿ, ಐದು ಸಾವಿರ ಕಳಸು’ ಅಂತ ಅಂಕಲಿಯ ಅತ್ತಿಗಿಗೆ ಮೆಸೇಜ್ ಮಾಡ್ಯಾರ. ಅತ್ತಿಗಿ ಅದನ್ನ ಓದಿ ಚಕ್ರ ಬಂದು ಬಿದ್ದಾಳ. ಸತ್ತಾಕಿಗೆ ಯಾವ ದವಾಖಾನಿರಿ? ಖಾತೆ ಬಿಡಿಸಿಕೊಳ್ಳಾಕ ಹೋದರ ಗುಪ್ತ ಅಂಕಿ ಈ ನಂಬರಿಗೇ ಬರತಾವ.”

“ಇಂಥ ಕಥಿ ಬಾಳ ಕೇಳೇನಿ. ಅಂಕಿ ಮಾತ್ರ ಹೇಳೂದಿಲ್ಲ. ನನ್ನದು ನಿಯಮ ಐತಿ.”

ಆಚೆಯ ಧ್ವನಿ ತಟ್ಟನೆ ಮೆತ್ತಗಾಯಿತು. “ನಿಯಮ ಅಂದರ? ಮಾತಾಜಿಯವರ ಮುಂದ ತಗೊಂಡದ್ದೇನ್ರಿ?”

“ಹೌದು.”

“ಹಂಗಾದರ ಬ್ಯಾಡ್ರಿ. ನನ್ನ ಸಲುವಾಗಿ ನಿಯಮ ಮುರೀಬ್ಯಾಡ್ರಿ. ತ್ರಾಸ ಕೊಟ್ಟೆ. ಜೈ ಜಿನೇಂದ್ರ.”

ಫೋನು ಇಟ್ಟುಬಿಟ್ಟ.

ಪ್ರಾಜಕ್ತಾ ಮತ್ತೆ ಗಾಲಿ ತಿರುಗಿಸಿದಳು. ಹೊಲಿಗೆ ಸೊಟ್ಟ ಹೋಯಿತು.

ಆ ನಿಯಮದ ಹಿಂದೆ ಅವಳ ಬದುಕಿನ ದೊಡ್ಡ ಪೆಟ್ಟಿತ್ತು. ಎರಡು ವರ್ಷದ ಹಿಂದೆ ಅವಳ ನಿಶ್ಚಯವಾಗಿತ್ತು, ವರ ರಾಯಬಾಗದವನು. ಆಗಲೇ ಒಂದು ದಿನ ಚಿಕ್ಕಪ್ಪನ ಮಗಳು ರೂಪಾಲಿಯಿಂದ ಮೆಸೇಜು ಬಂದಿತ್ತು. “ಅಕ್ಕಾ, ನನ್ನ ಮೊಬೈಲ್ ಲಾಕ್ ಆಗೈತಿ. ನಿನಗ ಆರು ಅಂಕಿ ಬರತಾವ, ಲಗೂನ ಕಳಸು.” ಇವಳು ಕಳಿಸಿದಳು. ಕೇಳಿದವಳು ರೂಪಾಲಿ ಆಗಿರಲಿಲ್ಲ. ರೂಪಾಲಿಯ ಖಾತೆಯನ್ನು ಮೊದಲೇ ನುಂಗಿದ್ದ ಯಾವನೋ ಕಳ್ಳ, ಆ ಆರು ಅಂಕಿಯಿಂದ ಇವಳ ಖಾತೆಯನ್ನೂ ನುಂಗಿದ. ಇವಳು ಜಂಪರು-ರವಿಕೆಯ ಡಿಸೈನು ಹಾಕುತ್ತಿದ್ದ ಪುಟದಲ್ಲಿ, ಇವಳ ಮುಖವನ್ನು ಬೇರೆ ಯಾರದೋ ಮೈಗೆ ಅಂಟಿಸಿದ ಫೋಟೋಗಳನ್ನು ಹಾಕಿದ. ಮೂರೇ ದಿನದಲ್ಲಿ ರಾಯಬಾಗದವರು ನಿಶ್ಚಯ ಮುರಿದರು. “ನಿಮ್ಮ ಹುಡುಗಿ ಅಲ್ಲಂತ ನಮಗ ಗೊತ್ತೈತ್ರಿ, ಆದರ ಮಂದಿಗೆ ಗೊತ್ತಾಗಬೇಕಲ್ಲ,” ಎಂದರಂತೆ.

ಪ್ರಾಜಕ್ತಾ ಹಳೆಯ ಸಿಮ್ಮನ್ನು ಮುರಿದು ಎಸೆದು ಹೊಸ ನಂಬರು ತೆಗೆದುಕೊಂಡಳು. ಹೋದ ವರ್ಷದ ಚಾತುರ್ಮಾಸದಲ್ಲಿ ಓಣಿಯ ಹೆಂಗಸರೆಲ್ಲ ಊರಲ್ಲಿ ತಂಗಿದ್ದ ಜೈನ ಸನ್ಯಾಸಿನಿ ಮಾತಾಜಿಯವರ ಮುಂದೆ ಕೈಮುಗಿದು ಒಬ್ಬಳು ಬಟಾಟೆ, ಒಬ್ಬಳು ಉಳ್ಳಾಗಡ್ಡಿ ತಿನ್ನುವುದನ್ನು ಬಿಟ್ಟಾಗ, ಇವಳು, “ಮೊಬೈಲಿಗೆ ಬರೂ ಗುಪ್ತ ಅಂಕಿ ಬಾಯಿಬಿಟ್ಟು ಯಾರಿಗೂ ಹೇಳೂದಿಲ್ಲ, ಜೀವ ಇರೂತನ,” ಎಂದಿದ್ದಳು. ಮಾತಾಜಿ ಮೊದಲು ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿ ನವಿಲುಗರಿಯ ಪಿಂಛಿಯೆತ್ತಿ ಆಶೀರ್ವದಿಸಿದರು. ಮನೆಯಲ್ಲಿ ತಾಯಿ ತಾರಾಬಾಯಿ ಮಾತ್ರ ಇನ್ನೂ ಹಾಸ್ಯ ಮಾಡುತ್ತಾಳೆ: “ಊರ ಮಂದಿ ಬಟಾಟಿ ಬಿಟ್ಟರು, ನನ್ನ ಮಗಳು ಓಟಿಪಿ ಬಿಟ್ಟಳು.”

ಮಧ್ಯಾಹ್ನದವರೆಗೂ ಆ ಧ್ವನಿ ಅವಳ ಕಿವಿಯಲ್ಲಿತ್ತು. ಕಳ್ಳನಾದವನು ಅವಸರ ಮಾಡುತ್ತಾನೆ, ಹೆದರಿಸುತ್ತಾನೆ, ಅಳುತ್ತಾನೆ. ಇವನಿಗೆ ಅವಸರಪಡಲು ಎಲ್ಲ ಕಾರಣವೂ ಇತ್ತು. ಆದರೂ ನಿಯಮ ಎಂದ ಕೂಡಲೆ ಹಿಂದೆ ಸರಿದ. ಪರರ ಧರ್ಮ ಕೆಡಬಾರದೆಂದು ತನ್ನ ನಷ್ಟವನ್ನು ಒಪ್ಪಿಕೊಳ್ಳುವವನು ಇನ್ನೇನೇ ಆಗಿದ್ದರೂ ಕಳ್ಳನಾಗಿರಲಾರ.

ಅವಳೇ ಫೋನು ಮಾಡಿದಳು.

“ಆ ಖಾತೆಯೊಳಗ ಅಂಥಾದ್ದೇನೈತಿ?”

“ಆಕಿ ಹಾಡ್ರಿ. ಬಸ್ತಿಯಾಗ ಆರತಿ ಹೊತ್ತಿಗೆ ಹಾಡಿದ್ದು. ಮೊಬೈಲ್ ಕೆಟ್ಟು ಹೋತು. ಅವು ಇನ್ನೆಲ್ಲೂ ಇಲ್ಲ.”

“ಬಾಯಿಲೆ ಹೇಳೂದಿಲ್ಲ ಅಂದೇನಿ, ಕೈಲೆ ಒತ್ತೂದಿಲ್ಲ ಅಂದಿಲ್ಲ. ನೀವು ಇಲ್ಲಿಗೆ ಬರ್ರಿ. ನಿಮ್ಮ ಮೊಬೈಲ್ ನನ್ನ ಕೈಯಾಗ ಕೊಡ್ರಿ. ಯಾವ ಬಾಗಲಾ ತಗಿಯಾಕತ್ತೀನಿ ಅಂತ ಕಣ್ಣಾರೆ ನೋಡಿ, ಅಂಕಿ ನಾನs ಒತ್ತತೀನಿ.”

ಆತ ಅಂದೇ ಹೊಳೆ ದಾಟಿ ಅಂಕಲಿಯ ಮೇಲೆ ಹಾದು ಬಂದ. ಹೆಸರು ವೃಷಭ. ನಲವತ್ತರ ಹತ್ತಿರದ ವಯಸ್ಸು, ಬಿಸಿಲುಂಡ ಮುಖ, ಕಬ್ಬಿನ ರವದಿಯ ಒಣಗರಿ ಗೀರಿದ ಕೈ. ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತಂದಿದ್ದ. ರೇಷನ್ ಕಾರ್ಡು, ಆಧಾರ, ಲಗ್ನಪತ್ರಿಕೆ, ಹೆಂಡತಿಯ ಮರಣ ಪ್ರಮಾಣಪತ್ರ, ಎಲ್ಲವನ್ನೂ ಒಂದೊಂದಾಗಿ ಕತ್ತರಿಯ ಪಕ್ಕದಲ್ಲಿ ಹರಡಿದ.

“ಇದೇನ್ರಿ, ಕನ್ನಡ ಸಾಲಿಗೆ ಹೆಸರು ಹಚ್ಚಾಕ ಬಂದೀರೇನು?” ಎಂದಳು ತಾರಾಬಾಯಿ ನೀರಿನ ತಂಬಿಗೆ ಇಡುತ್ತ.

“ಮುಂಜಾನೆ ಅಕ್ಕಾರು ಕಳ್ಳ ಅಂದಿದ್ದರು. ಮತ್ತ ಅನ್ನಬಾರದು ಅಂತ ಮನಿಯೊಳಗ ಇದ್ದದ್ದೆಲ್ಲಾ ತಂದೇನ್ರಿ.”

ಪ್ರಾಜಕ್ತಾ ತಲೆ ಎತ್ತಲಿಲ್ಲ. ಆದರೆ ಅವಳ ಕೆನ್ನೆಯ ತುದಿಯಲ್ಲಿ ಸಣ್ಣ ಕುಳಿ ಬಿದ್ದದ್ದನ್ನು ಆತ ನೋಡಿದ. ಆತ ನೋಡಿದ್ದನ್ನು ಅವಳು ಬಲ್ಲಳು.

ಮುಂಜಾನೆಯ ಅಂಕಿಯ ಅವಧಿ ಮುಗಿದಿತ್ತು. ಹೊಸದು ತರಿಸಿದರು. ಅವಳು ಕುಸುಮಳ ಹೆಸರನ್ನೂ ಚಿತ್ರವನ್ನೂ ಪರೀಕ್ಷಿಸಿ ನೋಡಿ, ಮನಸ್ಸಿನಲ್ಲಿ ಣಮೋಕಾರ ಮಂತ್ರ ಅಂದುಕೊಂಡು, ಆರು ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಬಾಗಿಲು ತೆರೆಯಿತು.

“ಹೊಸ ಪಾಸ್‌ವರ್ಡ್ ಹಾಕ್ರಿ. ನಿಮ್ಮ ಹೆಸರು, ಒಂದು-ಎರಡು-ಮೂರು, ಜನ್ಮತಾರೀಖು ಹಾಕಬ್ಯಾಡ್ರಿ.”

“ಹಳೇದು ನನ್ನ ಹೆಸರೇ ಇದ್ದಿರಬೇಕು,” ಎಂದ ಆತ. “ಅದಕ್ಕs ಕಳ್ಳಗ ಲಗೂ ಸಿಕ್ಕೈತಿ.”

ಆತ ಒತ್ತುವಾಗ ನೋಡಬಾರದೆಂದು ಅವಳು ಮುಖ ತಿರುಗಿಸಿ ನಿಂತಳು. ತಿರುಗಿದ ಕಡೆ ಗಿರಾಕಿಗಳ ಕನ್ನಡಿ. ಅದರಲ್ಲಿ ಬೆರಳು ಕಾಣಲಿಲ್ಲ, ಆತನ ಬಗ್ಗಿಸಿದ ಮುಖವಷ್ಟೇ ಕಂಡಿತು. ಪಾಸ್‌ವರ್ಡ್ ಮುಗಿದ ಮೇಲೂ ಅವಳು ತಿರುಗುವುದಕ್ಕೆ ಸ್ವಲ್ಪ ತಡಮಾಡಿದಳು.

ಆತ ಒಂದು ಹಾಡು ಹಚ್ಚಿದ. ತುಂಬಿದ, ಸಾವಕಾಶದ ಧ್ವನಿ. ಆರತಿಯ ಗಂಟೆಯ ನಡುವೆ ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತಿತ್ತು. ವೃಷಭನ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ. ತಾರಾಬಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ಕೈಮುಗಿದಳು. ಪ್ರಾಜಕ್ತಾಳಿಗೆ ಆ ಹಾಡಿದವಳ ಮೇಲೆ ಅಸೂಯೆ ಹುಟ್ಟಲಿಲ್ಲ. ಹೀಗೆ ನೆನೆಯಿಸಿಕೊಳ್ಳುವುದೂ ಪುಣ್ಯವೇ ಎನಿಸಿತು.

ಬಳಿಕ ಅವಳು ಉಳಿದ ಕೆಲಸ ಹೇಳಿಕೊಟ್ಟಳು. ಬೇರೆ ಮೊಬೈಲುಗಳಲ್ಲಿ ತೆರೆದಿದ್ದ ಖಾತೆಯನ್ನೆಲ್ಲ ಮುಚ್ಚಿಸಿದಳು; ಎರಡನೆಯ ಬೀಗ ಹಾಕಿಸಿದಳು; “ಬಂದ ಮೆಸೇಜು ನಂಬಬ್ಯಾಡ್ರಿ” ಎಂದು ಬಳಗಕ್ಕೆಲ್ಲ ಫೋನಿನಲ್ಲಿ ಹೇಳಿಸಿದಳು. ಕಡೆಗೆ, “ಇನ್ನ ಖಾತೆಯಾಗಿಂದ ನನ್ನ ನಂಬರ ತಗೀರಿ. ನಿಮ್ಮದು ಹಾಕ್ರಿ,” ಎಂದಳು.

ಆತನ ಬೆರಳು ನಿಂತಿತು. “ಇರಲಿ ಬಿಡ್ರಿ. ನಿಮ್ಮ ಕಡೆ ಇದ್ದರ ಏನಾಗತೈತಿ?”

“ನಾಳೆ ನಾನೂ ಈ ನಂಬರ ಬಿಟ್ಟರ? ಇನ್ಯಾರ ಕೈಗೋ ಹೋಗತೈತಿ. ತಗೀರಿ.”

ಆತ ತೆಗೆದ. ಸರಿಯಾದ ಮಾತನ್ನೇ ಹೇಳಿದ್ದೆನೆಂದು ಅವಳಿಗೆ ಗೊತ್ತಿತ್ತು. ಗಾಡಿಯ ಸದ್ದು ಓಣಿಯ ತುದಿಯಲ್ಲಿ ಅಡಗಿದಾಗ, ಇನ್ನು ಆತನಿಗೆ ತನ್ನಿಂದ ಯಾವ ಕೆಲಸವೂ ಇಲ್ಲವೆಂಬುದೂ ಗೊತ್ತಾಯಿತು.

ಆದರೆ ಎಂಟು ದಿನಕ್ಕೆ ಫೋನು ಬಂತು. “ಲಾಟರಿಯಾಗ ಫ್ರಿಜ್ ಹತ್ತೈತಿ ಅಂತ ಲಿಂಕ್ ಒಂದು ಬಂದೈತ್ರಿ. ಒತ್ತಲೇನು?”

“ಒತ್ತಬ್ಯಾಡ್ರಿ.”

ಮತ್ತೆ ನಾಲ್ಕು ದಿನಕ್ಕೆ: “ನನಗ ಕಾರ್ ಹತ್ತೈತಂತ್ರಿ.”

“ಹತ್ತಿಲ್ಲ. ಹೋದ ವಾರ ಫ್ರಿಜ್ ಹತ್ತಿತ್ತು, ಈ ವಾರ ಕಾರು. ಬಾಳ ದೈವವಂತರು ನೀವು.”

“ನನಗೂ ಹಂಗs ಅನಸಾಕತ್ತೈತ್ರಿ.”

ಅವಳು ನಕ್ಕು ಫೋನು ಇಟ್ಟಾಗ ತಾರಾಬಾಯಿ ಗುಂಡಿ ಹಚ್ಚುತ್ತ ಕೂತಲ್ಲಿಂದಲೇ ಅಂದಳು: “ಮೊದಲು ಮಾತಿಗೊಮ್ಮೆ ಅಕ್ಕಾರ, ಅಕ್ಕಾರ ಅಂತಿದ್ದ. ಈಗೀಗ ಏನೂ ಅನ್ನೂದಿಲ್ಲಲ್ಲ?”

“ಅವ್ವಾ, ಸುಮ್ನ ಕೂಡು.”

“ನಾ ಏನಂದೆ? ಲೆಕ್ಕಾ ಇಟ್ಟೇನಿ ಅಷ್ಟs.”

ಮನಸ್ಸು ಹೋಗುವ ದಾರಿ ಪ್ರಾಜಕ್ತಾಳಿಗೆ ತಿಳಿಯಿತು. ತಿಳಿದೇ ಅವಳು ಹೆದರಿದಳು. ಮುಚ್ಚಿಟ್ಟು ಬೆಳೆಸಿದ ಪ್ರೀತಿ ಸೋರುವ ಕೊಡದಂಥದು. ಒಂದು ಸಂಜೆ ಆತ ಫೋನು ಮಾಡಿದಾಗ ರೂಪಾಲಿಯ ಹೆಸರಿನ ಮೆಸೇಜು, ಫೋಟೋಗಳು, ಮುರಿದ ನಿಶ್ಚಯ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. “ಆ ಫೋಟೋ ಇನ್ನೂ ಯಾರ ಯಾರ ಮೊಬೈಲಿನಾಗ ಅದಾವೋ ನನಗ ಗೊತ್ತಿಲ್ಲ,” ಎಂದಳು. ಆತ ಎಲ್ಲ ಕೇಳಿ, “ತಿಳೀತ್ರಿ,” ಎಂದಷ್ಟೇ ಹೇಳಿದ.

ಅಲ್ಲಿಂದ ಮೂರು ವಾರ ಫೋನು ಬರಲಿಲ್ಲ.

ಆತನಿಗೆ ಫ್ರಿಜ್ಜೂ ಹತ್ತಲಿಲ್ಲ, ಕಾರೂ ಹತ್ತಲಿಲ್ಲ. ತಾರಾಬಾಯಿ ಲೆಕ್ಕದ ಮಾತು ಎತ್ತುವುದನ್ನು ಬಿಟ್ಟಳು. ರಾಯಬಾಗದವರು ಮೂರು ದಿನ ತೆಗೆದುಕೊಂಡಿದ್ದರು, ಈತನಿಗೆ ಒಂದು ಗಳಿಗೆ ಸಾಕಾಯಿತೆಂದು ಪ್ರಾಜಕ್ತಾ ಅಂದುಕೊಂಡಳು. ಬಸದಿಯಲ್ಲಿ ಕಣ್ಣು ಮುಚ್ಚಿ ಕೂತಾಗ ಏನು ಬೇಡಬೇಕೆಂದು ತಿಳಿಯದೆ ಬರಿದೆ ಎದ್ದು ಬರುತ್ತಿದ್ದಳು.

ಇಪ್ಪತ್ತೆರಡನೆಯ ದಿನ ಸಂಜೆ, ಬಿಸಿಲು ಎದುರು ಮನೆಯ ಹಂಚಿಗೆ ಏರಿದಾಗ, ವೃಷಭ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಕಾಗದದ ಚೀಲವಿರಲಿಲ್ಲ.

“ಸಿಟ್ಟಾಗೀರಿ,” ಎಂದ.

“ನಾ ಯಾರು ಸಿಟ್ಟಾಗಾಕ? ಲಿಂಕ್ ಬಂದೈತೇನು?”

“ಇಲ್ಲ. ಕುಸುಮನ ಖಾತೆಯನ್ನ ನೆನಪಿನ ಖಾತೆ ಮಾಡಾಕ ಬರತೈತಿ ಅಂತ ಗೊತ್ತಾತು. ಮರಣದ ಸರ್ಟಿಫಿಕೇಟ್ ಕಳಿಸಿ ಬೇಡಕೊಂಡಿದ್ದೆ. ನಿನ್ನೆ ಆತು. ಹಾಡು ಅಲ್ಲೇ ಇರತಾವ, ಕೇಳಾವರು ಕೇಳತಾರ. ಒಳಗ ಮಾತ್ರ ಇನ್ನ ಯಾರೂ ಹೋಗಾಕ ಬರೂದಿಲ್ಲ. ನನಗೂ ಬರೂದಿಲ್ಲ. ಅದು ಮುಗಿಯೂತನ ನಿಮ್ಮ ಬಾಗಲಿಗೆ ಬರಬಾರದು ಅನಿಸಿತು.”

“ಒಂದು ಫೋನ್ ಮಾಡಿ ಹೇಳಬಾರದೇನು?” ಅವಳ ಧ್ವನಿ ಒಡೆಯಿತು. “ನಾ ಏನು ತಿಳಕೊಂಡಿರತೀನಿ...”

“ತಪ್ಪಾತು. ಫೋನಿನಾಗ ಹೇಳೂ ಮಾತಲ್ಲ ಅನಕೊಂಡೆ.”

“ನಾಳೆ ಯಾರಾದರೂ ಆ ಫೋಟೋ ತಂದು ನಿಮ್ಮ ಮುಂದ ಹಿಡದರ?”

ಆತ ಅವಳನ್ನು ನೇರವಾಗಿ ನೋಡಿದ. “ನನ್ನ ಹೆಂಡತಿ ಸತ್ತು ಎರಡೂವರಿ ವರ್ಷಕ್ಕ ದವಾಖಾನಿ ಖರ್ಚು ಕೇಳ್ಯಾಳ. ಅದನ್ನ ಕೇಳಿದಾಕಿ ಆಕಿ ಅಲ್ಲ ಅಂತ ಗೊತ್ತಿದ್ದಾವಗ, ಆ ಫೋಟೋದಾಗಿನಾಕಿ ನೀವಲ್ಲ ಅಂತ ತಿಳಿಯೂದಿಲ್ಲೇನು? ಮಂದಿಗೆ ತಿಳಿಯೂದು ಬಿಡೂದು ಮಂದಿ ಕೆಲಸ. ನನಗ ನೀವು ಬೇಕು, ಪ್ರಾಜಕ್ತಾ. ಅವಸರಿಲ್ಲ. ವಿಚಾರ ಮಾಡಿ ಹೇಳ್ರಿ.”

ತನ್ನ ಹೆಸರು ಆತನ ಬಾಯಲ್ಲಿ ಬಂದದ್ದು ಅದೇ ಮೊದಲು. ಅವಳು ಕೊರಳಲ್ಲಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಒಳಗ ಅವ್ವ ಅದಾಳ. ಆಕಿನ್ನ ಕೇಳ್ರಿ.”

“ಅವರು ಏನಂತಾರೋ.”

“ನಾ ಹೂಂ ಅಂದೇನಿ ಅಂತ ಹೇಳಿ ಕೇಳ್ರಿ.”

ಒಳಗೆ ತಾಟು ಇಡುವ ಸದ್ದಾಯಿತು. ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ.

“ಕೇಳೂದೇನು, ಎಲ್ಲಾ ಕೇಳಿಸೈತಿ,” ಎಂದು ತಾರಾಬಾಯಿ ಕೂಗಿದಳು. “ಹೊತ್ತು ಮುಳಗಾಕ ಬಂತು, ಮೊದಲು ಇಬ್ಬರೂ ಉಣ್ಣಾಕ ಬರ್ರಿ. ಮಾತು ದೀಪಾ ಹಚ್ಚಿದ ಮ್ಯಾಲೂ ಆಡಾಕ ಬರತೈತಿ.”