ನಡುವಿನ ಹಸಿರು ತುಂಡು

ಅಪ್ಪನ ಹಳೆಯ ಅಂಗಿಯ ಹೊಲಿಗೆ ಬಿಚ್ಚುತ್ತಿದ್ದೆ. ಬ್ಲೇಡಿನ ತುದಿಯನ್ನು ದಾರದ ಕೆಳಗೆ ತೂರಿಸಿ, ಒಂದೊಂದೇ ಎಳೆ ಕಡಿದು, ಬಟ್ಟೆ ಹರಿಯದಂತೆ ಮೆಲ್ಲಗೆ ಬೇರ್ಪಡಿಸಬೇಕು. ಎದುರಿಗೆ ಕೂತ ಅವ್ವ ಕೌದಿ ಹೊಲಿಯಲೆಂದು ಆ ತುಂಡುಗಳನ್ನು ಅಂಗೈಯಿಂದ ತೀಡಿ ಒಂದರ ಮೇಲೊಂದು ಇಡುತ್ತಿದ್ದಳು. ನರಗುಂದದ ಟೈರ್ ಅಂಗಡಿಯವರು ದೀಪಾವಳಿಯ ಹೊತ್ತಿಗೆ ಹೆಣ್ಣು ನೋಡಲು ಬರುತ್ತಾರಂತೆ ಎಂದು ಅಪ್ಪ ಊಟಕ್ಕೆ ಕೂತಾಗ ಹೇಳಿದ್ದ. ಆಗಿನಿಂದ ಮನೆಯಲ್ಲಿ ಮಾತು ಕಡಿಮೆಯಾಗಿತ್ತು.

ಅಂಗಳದಲ್ಲಿ ಅಪ್ಪ ಗಾದಿಗೆಂದು ಹಿಂಜಿಟ್ಟ ಅರಳೆಯ ರಾಶಿ ಇತ್ತು. ಅದರೊಳಗೆ ಏನೋ ಬಿತ್ತು. ಸದ್ದೇ ಆಗಲಿಲ್ಲ. ಒಂದು ಹಿಡಿ ಅರಳೆ ಮೇಲಕ್ಕೆ ಹಾರಿ, ನಿಧಾನಕ್ಕೆ ಇಳಿದು ಅವ್ವನ ತಲೆಯ ಮೇಲೆ ಕೂತಿತು.

ಅಪ್ಪ ಕೈ ಹಾಕಿ ಹುಡುಕಿ ತೆಗೆದ. ನಿಂಬೆಹಣ್ಣಿನಷ್ಟು ದೊಡ್ಡ ಬಿಳಿ ಚೆಂಡು. ಮೈತುಂಬ ಸಣ್ಣ ಸಣ್ಣ ಕುಳಿ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹುಡುಗ. ಒಂದು ಕೈಯಲ್ಲಿ ಉದ್ದನೆಯ ಕಬ್ಬಿಣದ ಕೋಲು, ಇನ್ನೊಂದು ಕೈಯಲ್ಲಿ ಕಳಚಿದ ಚಪ್ಪಲಿ.

"ಕಾಕಾ, ನಂದೊಂದು ಚೆಂಡು ಈ ಕಡೆ..."

"ಇದು ಚೆಂಡಲ್ಲ ತಮ್ಮಾ, ಗುಂಡು! ಯಾರ ಮ್ಯಾಲ ಯುದ್ಧಕ್ಕ ಹೊಂಟೀ?"

"ಗುಡ್ಡದ ಕಡೆನ ಹೊಡದಿದ್ದೆ ಕಾಕಾ. ಬಂಡಿಗಲ್ಲಿಗೆ ಬಡದು ತಿರುಗಿ ಬಂತು."

ಅವನ ಹೆಸರು ಜಹೀರ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಬಳಿ ಅಣ್ಣನ ಜೊತೆ ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದ. ಅದಕ್ಕೂ ಮೊದಲು ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುತ್ತಿದ್ದನಂತೆ. ಅಲ್ಲಿನ ಕೋಚ್ ಒಬ್ಬರು ಇವನ ಕೈಗೂ ಕೋಲು ಕೊಟ್ಟು ಕಲಿಸಿದ್ದರು. ಊರಿಗೆ ಮರಳಿದಾಗ ಆ ಹಳೆಯ ಕೋಲುಗಳೂ ಜೊತೆಗೆ ಬಂದಿದ್ದವು. ಈಗ ದೀಪಾವಳಿ ಮುಗಿದ ಮೇಲೆ ಬೆಳಗಾವಿಯಲ್ಲಿ ಹವ್ಯಾಸಿಗಳ ಪಂದ್ಯವಿತ್ತು.

"ಚೆಂಡು ಸರಿ ತಾಗವಲ್ದು ಕಾಕಾ," ಎಂದ. ಮೈಯಲ್ಲಿ ಹುಷಾರಿಲ್ಲದವರು ವೈದ್ಯರ ಎದುರು ಹೇಳುವ ಹಾಗಿತ್ತು ಆ ದನಿ. "ಒಂದು ನೆಲಕ್ಕ ಬಡೀತೈತಿ, ಒಂದು ಜಾಲ್ಯಾಗ ಹೋಗಿ ಬೀಳತೈತಿ. ಮುಂದ ಏನರ ಕಟ್ಟಿ ಹೊಡದ್ರ ಚೆಂಡರ ಉಳೀತಾವ."

ಅವ್ವ ತಲೆಯ ಅರಳೆ ತೆಗೆಯುತ್ತ ಹೇಳಿದಳು, "ಒಂದು ದಪ್ಪ ಕೌದಿ ಕಟ್ಟಪಾ. ಕೌದಿ ಎಂಥಾ ಪೆಟ್ಟಾದ್ರೂ ತಡಕೋತೈತಿ. ಹಳೀ ಬಟ್ಟಿ ತಂದುಕೊಡು, ನಮ್ಮ ಗುಲ್ಷನ ಹೊಲದು ಕೊಡ್ತಾಳ."

ಅವನು ಆಗ ನನ್ನ ಕಡೆ ನೋಡಿದ. ನಾನು ಬ್ಲೇಡಿನ ಕಡೆ ನೋಡಿದೆ.

*

ಕೌದಿಗೆ ಬಟ್ಟೆ ಅದನ್ನು ಬಳಸುವವರ ಮನೆಯಿಂದಲೇ ಬರಬೇಕು. ನಮ್ಮ ಓಣಿಯ ಪದ್ಧತಿ ಅದು. ಹುಡುಗಿಯ ಬಟ್ಟೆ ಬೇರೆ ಮನೆಯ ಕೌದಿಗೆ ಹೋಗುವುದು ಒಂದೇ ಒಂದು ಸಲ. ಮದುವೆ ಗೊತ್ತಾದಾಗ ಅವಳು ಉಟ್ಟು ಬಿಟ್ಟ ಒಂದು ಬಟ್ಟೆಯನ್ನು ಗಂಡನ ಮನೆಯ ಕೌದಿಯ ನಡುವಿಗೆ ಇಟ್ಟು ಹೊಲಿಯುತ್ತಾರೆ. ಆಮೇಲೆ ಯಾರೂ ಅದನ್ನು ಬಿಚ್ಚುವುದಿಲ್ಲ.

ಜಹೀರ ತಂದದ್ದು ಎರಡು ಪ್ಯಾಂಟು, ಅವನಪ್ಪನ ಚೌಕಳಿ ಲುಂಗಿ, ಒಂದು ಚಾದರ. ಹಿಂಬದಿಗೆ ಅವ್ವ ತನ್ನದೊಂದು ಸವೆದ ಸೀರೆ ಕೊಟ್ಟಳು. ಹಿಂಬದಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಚು ಮುಗಿಯಿತು, ನಾಲ್ಕು ಬದಿ ಮುಗಿಯಿತು, ಕೊನೆಗೆ ನಡುವೆ ಒಂದು ಮೊಳದಷ್ಟು ಜಾಗ ಖಾಲಿ ಉಳಿಯಿತು.

ಇನ್ನೊಂದು ಬಟ್ಟೆ ತನ್ನಿ ಎಂದು ಹೇಳಿ ಕಳಿಸಬಹುದಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಮನೆಯವರನ್ನು ಬಿಟ್ಟು ಬೇರೆಯವರ ಎದುರು ನಾಲಿಗೆ ಏಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಟ್ರಂಕಿನಲ್ಲಿದ್ದ ನನ್ನ ಗಿಳಿಹಸಿರು ದುಪಟ್ಟಾ ತೆಗೆದು ಅರ್ಧ ಕತ್ತರಿಸಿದೆ. ಬರೀ ಜಾಗ ತುಂಬಿಸುವುದಕ್ಕೆ, ಅಷ್ಟೇ.

ಸೂಜಿ ಮಾತ್ರ ಆ ತುಂಡಿಗೆ ಬಂದಾಗ ನಿಧಾನವಾಯಿತು.

*

ನಮ್ಮ ಮನೆ ಓಣಿಯ ಕೊನೆಯದು. ಹಿಂದೆ ಬಯಲು, ಬಯಲಿನಲ್ಲಿ ಒಂದು ಬೇವಿನ ಮರ, ಅದರಾಚೆ ಗುಡ್ಡ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ಜಹೀರ ಅಂಗಡಿ ತೆರೆಯುವ ಮೊದಲು ಬಂದು ಬೇವಿನ ಕೊಂಬೆಗೆ ಕೌದಿ ಕಟ್ಟುತ್ತಿದ್ದ. ಕೌದಿಯ ಮುಖ ಅವನ ಕಡೆ, ಬೆನ್ನು ನಮ್ಮ ಮನೆಯ ಕಡೆ.

ನಾನು ತೊಳೆದ ಗಾದಿಯ ಗವಸಣಿಗೆಗಳನ್ನು ಒಣಹಾಕಲು ಮಾಳಿಗೆ ಹತ್ತುತ್ತಿದ್ದೆ. ಒಂದು ಗವಸಣಿಗೆ ಹರವಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಅವನು ಚೆಂಡು ಇಡುತ್ತಿದ್ದ. ಕಾಲು ಅಗಲಿಸಿ, ಮೊಣಕಾಲು ಸ್ವಲ್ಪ ಬಾಗಿಸಿ, ಕೋಲಿನ ತಲೆಯನ್ನು ಚೆಂಡಿನ ಹಿಂದೆ ಇಟ್ಟು ಉಸಿರು ಬಿಡುತ್ತಿದ್ದ. ಕೋಲು ಹೆಗಲ ಮೇಲಕ್ಕೆ ಹೋಗಿ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು. ಆಗ ನನ್ನ ಉಸಿರೂ ನಿಲ್ಲುತ್ತಿತ್ತು. ಕೆಳಗೆ ಬರುವಾಗ, ಚೆಂಡು ತಾಗುವ ಮೊದಲೇ, ಅವನ ತಲೆ ಮೇಲೇಳುತ್ತಿತ್ತು. ಮಣ್ಣು ಹಾರುತ್ತಿತ್ತು. ಎಲ್ಲೋ ಅಪರೂಪಕ್ಕೆ ಒಮ್ಮೆ ಠಕ್ ಎಂದು, ಒಣ ಕಡ್ಡಿ ಮುರಿದಂತೆ ಸ್ವಚ್ಛ ಸದ್ದು ಬರುತ್ತಿತ್ತು. ಅಂಥ ದಿನ ಅವನು ಸಿಳ್ಳೆ ಹಾಕುತ್ತ ಅಂಗಡಿಗೆ ಹೋಗುತ್ತಿದ್ದ.

ಕೆಲವು ವಾರದ ಮೇಲೆ ತೇಪೆ ಹಾಕಿಸಲು ಕೌದಿ ತಂದ. ಅಪ್ಪ ಸಂತೆಗೆ ಹೋಗಿದ್ದ, ಅವ್ವ ಒಲೆಯ ಮುಂದಿದ್ದಳು. ಕೌದಿಯ ಮೇಲೆ ಎಲ್ಲೆಂದರಲ್ಲಿ ಕೆಂಪು ಮಣ್ಣಿನ ಗುರುತು. ಮೇಲಿನ ಅಂಚಿನಲ್ಲಿ, ಕೆಳಗಿನ ಮೂಲೆಯಲ್ಲಿ, ಎಲ್ಲ ಕಡೆ ಹರಕು; ಗುರಿಯಿಟ್ಟ ನಡುವಿಗೆ ಮಾತ್ರ ಒಂದು ಪೆಟ್ಟೂ ಬಿದ್ದಿರಲಿಲ್ಲ.

"ಮೈತುಂಬ ಹರದೈತಿ," ಎಂದೆ.

"ನನ್ನ ಆಟನ ಹಂಗೈತ್ರಿ."

ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದೆ, "ಹೊಡಿಯೂಕಿಂತ ಮೊದಲ ನೀವು ತಲಿ ಎತ್ತತೀರಿ."

"ನಮ್ಮ ಕೋಚ್ ಫೋನಿನಾಗ ದಿನಾ ಅದನ್ನ ಬೈತಾರ್ರಿ. ಕಣ್ಣು ಚೆಂಡಿನ ಮ್ಯಾಲ ಇಡೋ ಅಂತ." ಸ್ವಲ್ಪ ತಡೆದು ಕೇಳಿದ, "ನಿಮಗ ಹ್ಯಾಂಗ ಗೊತ್ತಾತು?"

ಒಳಗಿನಿಂದ ಅವ್ವ ಕೆಮ್ಮಿದಳು.

"ಗವಸಣಿಗಿ ಒಣಾ ಹಾಕುವಾಗ ಕಾಣತೈತ್ರಿ," ಎಂದೆ. ಕಿವಿ ಬಿಸಿಯಾಯಿತು.

"ಹಂಗಾದ್ರ ನಾ ಯಾಕ ತಲಿ ಎತ್ತತೀನಿ ಅನ್ನೋದೂ ಕಂಡಿರಬೇಕಲ್ಲ?"

ನಾನು ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡೆ. ಮುಖ ಎತ್ತಿದಾಗ ಅವನ ನಗು ಅರ್ಧಕ್ಕೆ ನಿಂತಿತ್ತು. ಅವನು ನನ್ನ ಮುಖ ನೋಡುತ್ತಿರಲಿಲ್ಲ. ಅರಳೆಯ ಧೂಳು ಬೀಳದಿರಲೆಂದು ನಾನು ತಲೆಗೆ ಕಟ್ಟಿಕೊಂಡ ಬಟ್ಟೆ ನೋಡುತ್ತಿದ್ದ. ದುಪಟ್ಟಾದ ಉಳಿದ ಅರ್ಧ. ಅಲ್ಲಿಂದ ಅವನ ಕಣ್ಣು ಕೌದಿಯ ನಡುವಿಗೆ ಇಳಿಯಿತು. ಮತ್ತೆ ನನ್ನ ತಲೆಗೆ ಬಂತು.

ತೇಪೆ ಮುಗಿದ ಮೇಲೆ ಕೌದಿಯನ್ನು ಮಡಚಿಕೊಂಡು ಹೋದ. ಬಂದಾಗ ಹೆಗಲಿಗೆ ಎಸೆದುಕೊಂಡು ಬಂದಿದ್ದ. ಹೋಗುವಾಗ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

*

ಮರುದಿನದಿಂದ ಆಟ ಬದಲಾಯಿತು. ಅವನು ತಲೆ ಎತ್ತುತ್ತಿರಲಿಲ್ಲ. ಠಕ್ ಸದ್ದು ಮತ್ತೆ ಮತ್ತೆ ಬರುತ್ತಿತ್ತು. ಆದರೆ ಮಾಳಿಗೆಯಿಂದ ನನಗೆ ಕಾಣುವುದು ಕೌದಿಯ ಬೆನ್ನು. ಚೆಂಡು ಬಡಿದಾಗಲೆಲ್ಲ ಅವ್ವನ ಸೀರೆ ಉಬ್ಬುವುದು ಒಂದೇ ಬದಿಗೆ. ನನ್ನ ಎಡಕ್ಕೆ, ಅಂದರೆ ಅವನ ಬಲಕ್ಕೆ. ನಡುವಿಗೆ ಒಮ್ಮೆಯೂ ಇಲ್ಲ.

ಇಷ್ಟು ದಿನ ಬೆವರಿದ್ದು ದಂಡವಾಯಿತೇ ಎಂದು ಸಂಕಟವಾಯಿತು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ನರಗುಂದದವರು ಭಾನುವಾರ ಬರುವುದು ಗಟ್ಟಿಯಾಗಿತ್ತು. ರೋಣದಿಂದ ಅವ್ವನ ತಂಗಿ ಮೈಮುನಬಿ ಚಿಗವ್ವನೂ ಬರುವವಳಿದ್ದಳು. ಆ ದುಪಟ್ಟಾ ಕೊಡಿಸಿದವಳೇ ಅವಳು. ಅವಳು ಬೇವಿನ ಮರದ ಮುಂದೆ ಹಾದು ಬಂದರೆ ಮುಗಿಯಿತು. ಹುಡುಗಿಯ ಬಟ್ಟೆ ಪರ ಹುಡುಗನ ಕೌದಿಯಲ್ಲಿ, ಅದೂ ಬಯಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ.

ಶನಿವಾರ ಬೆಳಿಗ್ಗೆ ಕೌದಿ ವಾಪಸ್ ಕೇಳಲು ಹೋದೆ. ಮುಂದೆ ಹೋಗುವ ಧೈರ್ಯವಾಗಲಿಲ್ಲ. ಕೌದಿಯ ಹಿಂದೆಯೇ ನಿಂತೆ. ಕೌದಿಯ ಕೆಳಗಿನಿಂದ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು. ಅವನಿಗೂ ನನ್ನ ಚಪ್ಪಲಿ ಕಂಡಿರಬೇಕು. ಕೋಲು ನಿಂತಿತು.

"ಸರೀರಿ, ಚೆಂಡು ಬಡದೀತು."

"ಬಲಕ್ಕ ಹೊಂಟಾವ," ಎಂದೆ. ಹೇಳಬೇಕಾದ ಮಾತು ಅದಲ್ಲ.

"ಹೌದ್ರಿ. ಬಲಕ್ಕ ಹೊಂಟಾವ."

"ಬೆಳಗಾವ್ಯಾಗ ಹಿಂಗಾದ್ರ?"

"ಅಲ್ಲಿ ನಡುವ ಹೊಡೀತೀನ್ರಿ."

"ಇಲ್ಲಿ ಯಾಕ ಆಗವಲ್ದು?"

ಬೂಟುಗಳು ಸ್ವಲ್ಪ ಹತ್ತಿರ ಬಂದವು. ನಿಂತವು.

"ಊರಾಗ ಇದೊಂದ ಗಿಡ ಐತೇನ್ರಿ ನಿಮಗ?" ಎಂದೆ, ಮಾತು ತಪ್ಪಿಸಲು.

"ಗಿಡ ಭಾಳ ಅದಾವ್ರಿ. ಮಾಳಿಗಿ ಕಾಣೋ ಗಿಡ ಇದೊಂದ."

ನನ್ನ ಕೈ ಕೌದಿಯ ಬೆನ್ನಿನ ನಡುಭಾಗದ ಮೇಲಿತ್ತು. ಆಚೆ ಬದಿಗೆ, ಸರಿಯಾಗಿ ಅಲ್ಲೇ, ಅವನ ಕೈಯ ಒತ್ತು ತಿಳಿಯಿತು. ನಡುವೆ ದುಪಟ್ಟಾ, ಚಾದರ, ಸೀರೆ, ಇಷ್ಟೆಲ್ಲ ಪದರ. ಆದರೂ ಬೆಚ್ಚಗಿತ್ತು.

ಕೌದಿ ಕೇಳಲಿಲ್ಲ. ಓಡಿ ಬಂದೆ.

*

ಭಾನುವಾರ ಮೈಮುನಬಿ ಚಿಗವ್ವ ಬಂದವಳೇ ಚೀಲ ಕೆಳಗಿಡದೆ ಹೇಳಿದಳು:

"ಅಕ್ಕಾ, ನಿನ್ನ ಮಗಳ ದುಪಟ್ಟಾ ಬೇವಿನ ಗಿಡಕ್ಕ ಜೋತು ಬಿದ್ದೈತಿ."

"ಗಾಳಿಗಿ ಹಾರಿ ಹೋಗಿರಬೇಕು ತಗಿ."

"ಹಾರಿ ಹೋಗಿ, ಕೌದ್ಯಾಗ ಕುಂತು, ತನ್ನ ತಾನ ಹೊಲಕೊಂಡೈತೇನು?"

ಅವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅಷ್ಟರಲ್ಲಿ ಅಪ್ಪನ ಫೋನು ಬಡಿದುಕೊಂಡಿತು. ನರಗುಂದದವರು. ರೋಣ ದಾಟಿದ್ದರು.

ಅಪ್ಪ ಆ ಕರೆ ಮುಗಿಸಿ ಜಹೀರನಿಗೆ ಹಚ್ಚಿದ. "ತಮ್ಮಾ, ಆ ಕೌದಿ ತಗೊಂಡು ಲಗೂನ ಬಾ," ಎಂದಷ್ಟೇ ಹೇಳಿದ. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಜಹೀರ ಬಂದ. ಅಂಗಳದಲ್ಲಿ ಕೌದಿ ಇಳಿಸಿದ. ಚಿಗವ್ವ ಕತ್ತರಿ ಹಿಡಿದು ಕೂತೇ ಇದ್ದಳು.

"ಹರವ್ರಿ ಇದನ್ನ. ಅವರು ಬರೂದರೊಳಗ ನಮ್ಮ ಹುಡುಗಿ ಬಟ್ಟಿ ಬಿಚ್ಚಿ ತಗೀತೀನಿ. ಉಳದದ್ದು ಅವ ಒಯ್ಲಿ. ಯಾರಿಗೂ ಏನೂ ಗೊತ್ತಾಗಂಗಿಲ್ಲ."

ಕೌದಿಯನ್ನು ಹರವಿದರು. ಹೊಲಿದವಳು ನಾನು, ತೇಪೆ ಹಾಕಿದ ಮೇಲೆ ಅದರ ಮುಖ ನೋಡಿದ್ದು ಅದೇ ಮೊದಲು.

ನಡುವಿನ ಹಸಿರು ತುಂಡು ಹೊಸದರ ಹಾಗಿತ್ತು. ಒಂದು ಮಣ್ಣಿನ ಕಲೆಯಿಲ್ಲ, ಒಂದು ಎಳೆ ಜಗ್ಗಿಲ್ಲ. ಅದರ ಬಲಕ್ಕೆ, ಚೌಕಳಿ ಲುಂಗಿಯ ತುಂಡಿನ ಮೇಲೆ, ಒಂದು ಮುಷ್ಟಿಯಷ್ಟು ಜಾಗ ಸವೆದು ಜಾಳಾಗಿತ್ತು. ಹೊಸ ಪೆಟ್ಟುಗಳೆಲ್ಲ ಅಲ್ಲೇ ಬಿದ್ದಿದ್ದವು. ಒಂದೂ ಅದರಾಚೆ ಹೋಗಿರಲಿಲ್ಲ.

ಅಷ್ಟು ದಿನ ನಾನು ತಪ್ಪು ಎಂದುಕೊಂಡಿದ್ದು ಅವನ ಗುರಿಯಾಗಿತ್ತು.

ಅಪ್ಪನೂ ಬಾಗಿ ನೋಡಿದ. ಸವೆದ ಜಾಗದ ಮೇಲೆ ಒಮ್ಮೆ ಬೆರಳಾಡಿಸಿದ. ಹಸಿರಿನ ಮೇಲೂ ಆಡಿಸಿದ.

"ಇದು ಯಾರ ಬಟ್ಟಿ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ ಕಾಕಾ."

"ಯಾವಾಗಿಂದ?"

"ತ್ಯಾಪಿ ಹಾಕಿಸಾಕ ಬಂದಾಗಿಂದ್ರಿ."

"ಗೊತ್ತಿದ್ದೂ ಹೊಡದಿ?"

"ಅದಕ್ಕ ಹೊಡದಿಲ್ರಿ," ಎಂದ ಜಹೀರ. "ನಡುವ ಇದ್ದದ್ದಕ್ಕ ಹೊಡಿಯಾಕ ನನಗ ಕೈ ಬರಲಿಲ್ರಿ."

ಅವನು ಯಾರ ಮುಖವನ್ನೂ ನೋಡಲಿಲ್ಲ. ಅವನ ಕಣ್ಣು ಆ ತುಂಡಿನ ಮೇಲೆಯೇ ಇತ್ತು. ಕೋಚ್ ಎಷ್ಟು ಬೈದರೂ ಚೆಂಡಿನ ಮೇಲೆ ಅಷ್ಟು ನಿಂತಿರಲಿಲ್ಲ.

ಓಣಿಯ ತುದಿಯಲ್ಲಿ ಕಾರಿನ ಹಾರ್ನ್ ಕೇಳಿಸಿತು.

"ಬಂದ್ರು, ಬಂದ್ರು!" ಚಿಗವ್ವ ಹಸಿರು ತುಂಡಿನ ಅಂಚು ಎತ್ತಿ, ಮೊದಲ ಹೊಲಿಗೆಯ ಕೆಳಗೆ ಕತ್ತರಿ ತೂರಿಸಿದಳು. ಅವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅಪ್ಪ ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟು, ಮುಂದಿನದು ಇಡಲಾಗದೆ ನಿಂತಿದ್ದ.

ನಾನು ಮುಂದೆ ಹೋಗಿ ಕೌದಿಯ ಮೇಲೆ ಕೈ ಇಟ್ಟೆ. ನಿನ್ನೆ ಇಟ್ಟಿದ್ದ ಜಾಗದಲ್ಲೇ. ಇಷ್ಟು ಜನರ ಎದುರು ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಬಿಚ್ಚಬ್ಯಾಡ ಚಿಗವ್ವಾ. ಅಪ್ಪಾ, ಈ ಕೌದಿ ಹಂಗ ಇವರ ಮನ್ಯಾಗ ಇರಲಿ."

ಚಿಗವ್ವನ ಕೈಯಲ್ಲಿ ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತ್ತು.