ಬೆಳ್ಳಿಚುಕ್ಕಿ ಸೋಡಾದ ಗೋಡೆ

"ಆ ಗ್ವಾಡಿಗೆ ಕೈ ಹಚ್ಚಬ್ಯಾಡ ತಮ್ಮಾ. ದೂರಿಂದ ನೋಡು, ಹೋಗು."

ಎದುರು ಮನೆಯ ಬಾಗಿಲಲ್ಲಿ ನಿಂತು ಮುದುಕಿ ಕಾಶೀಂಬಿ ಹೀಗೆಂದಾಗ ಈಶಪ್ಪ ನಕ್ಕುಬಿಟ್ಟ. "ಯಾಕಬೇ ಯಮ್ಮಾ, ಗ್ವಾಡಿ ಕಚ್ಚತೈತೇನು?"

"ಕಚ್ಚಿದ್ರ ಹಲ್ಲಿನ ಗುರುತರ ಉಳೀತಿತ್ತು," ಎಂದು ಅವಳು ಒಳಗೆ ಸರಿದಳು.

ಈಶಪ್ಪ ಹುಬ್ಬಳ್ಳಿಯ ಪೇಂಟರ್. ಹೊಸ ಸೋಡಾ ಕಂಪನಿಯೊಂದು ಸಾವಿರದ ಒಂಬೈನೂರ ಐವತ್ತಾರರ ಬೇಸಿಗೆಯಲ್ಲಿ ಅವನನ್ನು ಈ ಸೀಮೆಗೆ ಕಳಿಸಿತ್ತು. ಹಿಂದಿನವರು ಸೋಡಾದ ಜಾಹೀರಾತು ಬರೆಸಿದ ಗೋಡೆಗಳೆಂದರೆ ಹೋಗಿಬರುವವರ ಕಣ್ಣು ಬೀಳುವ ಗೋಡೆಗಳು. ಅವನ್ನು ಹುಡುಕಿ, ಕೆರೆದು, ಹೊಸ ಹೆಸರು ಬರೆಯಬೇಕು. ಹುಡುಕುತ್ತ ಹುಡುಕುತ್ತ ಈಶಪ್ಪನಿಗೆ ಅದೊಂದು ಹುಚ್ಚೇ ಹಿಡಿದಿತ್ತು. ನರಗುಂದದಲ್ಲಿ ಹತ್ತಿ ಅಂಗಡಿಯ ನೆತ್ತಿಯ ಮೇಲೆ ಗೋಲಿ ಬಾಟಲಿಯ ಕತ್ತಿನಷ್ಟು ಚಿತ್ರ ಸಿಕ್ಕಿತ್ತು. ರೋಣದಲ್ಲಿ, ಬೀಗ ಜಡಿದ ಮಾಳಿಗೆಯೊಂದರ ಸುಣ್ಣದಡಿ ಒಂದೂವರೆ ಅಕ್ಷರ. ಗಜೇಂದ್ರಗಡದ ಗುಡ್ಡದ ಬುಡದ ಈ ಓಣಿಯಲ್ಲಿ ಮಾತ್ರ ಇಡೀ ಚಿತ್ರವೇ ಉಳಿದಿತ್ತು. ಮುಚ್ಚಿಹೋದ ಸೋಡಾ ಕಾರ್ಖಾನೆಯ ಗೋಡೆಯ ತುಂಬ, ತಲೆ ಹಿಂದಕ್ಕೆ ಚೆಲ್ಲಿ ಸೋಡಾ ಕುಡಿಯುವ ಗಂಡಸು. ಕಣ್ಣು, ಮೂಗುಗಳನ್ನು ಬಿಸಿಲು ತಿಂದುಹಾಕಿತ್ತು. ತೆರೆದ ಬಾಯಿ ಮಾತ್ರ ನಿನ್ನೆ ಬರೆದಂತೆ ಕೆಂಪಗೆ, ಹಸಿಹಸಿಯಾಗಿತ್ತು. ಕೆಳಗೆ ಮಾಸಿದ ಅಕ್ಷರ: ಬೆಳ್ಳಿಚುಕ್ಕಿ ಸೋಡಾ.

ನಡುಮಧ್ಯಾಹ್ನ. ಗುಡ್ಡದ ಕಲ್ಲು ಕಾದು ಬಿಸಿಗಾಳಿ ಓಣಿಗೆ ಇಳಿಯುತ್ತಿತ್ತು. ಈಶಪ್ಪ ಏಣಿ ಹತ್ತಿ ಆ ಬಾಯಿಯ ಮೇಲೆ ಕರಣೆ ಇಟ್ಟು ಎಳೆದ. ಕರ್ರೆಂಬ ಸಪ್ಪಳಕ್ಕೆ ಓಣಿಯ ನಾಯಿಗಳೆಲ್ಲ ಒಮ್ಮೆಲೇ ಎದ್ದು ಹೋದವು. ಬಣ್ಣದಡಿಯಿಂದ ಕಪ್ಪು ಪುಡಿ ಉದುರಿತು. ಸುಟ್ಟ ಕೂದಲಿನ, ಕೊಳೆತ ನಿಂಬೆಹಣ್ಣಿನ ನಾತ. ಗಾಳಿ ತಿರುಗಿತು. ಪುಡಿಯೆಲ್ಲ ಅವನ ಬಾಯಿಗೆ ಬಂತು.

ಕೆಳಗಿಳಿಯುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಚೀಲದಲ್ಲಿದ್ದ ಸೀಸೆಯ ನೀರನ್ನು ಬಾಯಿಗೆ ಸುರಿದುಕೊಂಡ. ಗಂಟಲು ಮುಷ್ಟಿಯಂತೆ ಬಿಗಿಯಿತು. ನೀರು ಮೂಗಿನಿಂದ ಹೊರಬಂತು. ಓಣಿಯ ತುದಿಯ ಬಾವಿಗೆ ಓಡಿ, ತಾನೇ ಸೇದಿ, ಕೊಡಕ್ಕೆ ಬಾಯಿ ಹಚ್ಚಿದ. ಒಂದು ಹನಿಯೂ ಇಳಿಯಲಿಲ್ಲ. ತುಟಿ ಬಿರಿದು ರಕ್ತ ಬಂತು. ಅದೂ ಅಲ್ಲೇ ಒಣಗಿತು.

"ನೀರು... ಯಾರರ ನೀರು ಕೊಡ್ರಿ!"

ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಅಗುಳಿ ಬಿದ್ದ ಸಪ್ಪಳ. ಮತ್ತೊಂದು. ಇನ್ನೊಂದು. ತೆವಳುತ್ತ ಬಂದು ಕಾಶೀಂಬಿಯ ಹೊಸ್ತಿಲಿಗೆ ಬಿದ್ದು ಕದವನ್ನು ಪರಚಿದ.

ಒಳಗಿನಿಂದ ಅವಳ ದನಿ ನಡುಗುತ್ತ ಬಂತು. "ಆ ಚಿತ್ರ ಬರದಾವ ನನ್ನ ಗಂಡ, ಗೌಸುಸಾಬ. ನೋಡಿದವ್ರಿಗೆಲ್ಲ ನೀರಡಿಕಿ ಆಗಲಿ, ಸೋಡಾ ಜಾಸ್ತಿ ಖರ್ಚಾಗಲಿ ಅಂತ ಕಾರಖಾನಿ ಸಾವ್ಕಾರ ತೋಟಪ್ಪ ಬಣ್ಣದಾಗ ಮಾಟದ ಬೂದಿ ಕಲಸಿದ್ದ. ಬರಿಯಾಕ ಕೈ ಹಚ್ಚಿದ ನನ್ನ ಗಂಡಗ ಆ ನೀರಡಿಕಿ ಪೂರಾ ಹತ್ತಿತು. ತಾನ ಕುಡದ್ರ ಇಳಿಯೂದಿಲ್ಲ. ಇನ್ನೊಬ್ರು ಕೈಯಾರೆ ಕೊಟ್ರ ಇಳೀತೈತಿ, ಆದ್ರ ಕೊಟ್ಟವ್ರಿಗೆ ಹತ್ತತೈತಿ. ಹಂಗಂತ ಸಾವ್ಕಾರನ ಬಂದು ಹೇಳಿದ. ನಾ ಬಾಗಲಾ ತಗೀಲಿಲ್ಲ. ಇಲ್ಲೇ, ಈ ಹೊಸ್ತಿಲದಾಗ ಸತ್ತ. ಆ ಮಾಟ ತಿರುಗಿ ಗ್ವಾಡಿ ಸೇರಿತು."

ಈಶಪ್ಪನ ಉಗುರು ಕದದ ಮೇಲೆ ಎಳೆಯುತ್ತಲೇ ಇತ್ತು.

"ಸಾಕು ಮಾಡೋ! ಇಪ್ಪತ್ತ ವರ್ಷ ಆ ಉಗುರಿನ ಸಪ್ಪಳ ಕೇಳೀನಿ. ಇನ್ನೊಮ್ಮೆ ಕೇಳಲಾರೆ."

ಅಗುಳಿ ಸರಿಯಿತು. ಕಾಶೀಂಬಿ ತಂಬಿಗೆ ಹಿಡಿದು ಕೂತಳು. ಬೇಡವೆಂದು ತಲೆಯಾಡಿಸುವಷ್ಟು ಬುದ್ಧಿ ಅವನಿಗಿನ್ನೂ ಇತ್ತು. ತಲೆ ಆಡಲಿಲ್ಲ. ಬಾಯಿ ತೆರೆಯಿತು. ನೀರು ಇಳಿಯಿತು. ತಣ್ಣಗೆ, ಸಲೀಸಾಗಿ, ಕೊನೆಯ ಹನಿಯವರೆಗೂ ಇಳಿಯಿತು.

ಮುದುಕಿಯ ಕೈಯಿಂದ ತಂಬಿಗೆ ಉರುಳಿತು. ನೋಡನೋಡುತ್ತ ಅವಳ ತುಟಿ ಬೆಳ್ಳಗಾಯಿತು, ಬಿರಿಯಿತು. ಗೋಡೆಗೆ ಒರಗಿ ಅವಳು ಬಾಯಿ ತೆರೆದಳು.

"ತಮ್ಮಾ... ಒಂದ ಗುಟಕ..."

ಈಶಪ್ಪ ಎದ್ದ. ಮೂಲೆಯ ನೀರಿನ ಹರವಿಯಿಂದ ತಂಬಿಗೆ ತುಂಬಿದ. ಅವಳ ಮುಂದೆ ಮಂಡಿಯೂರಿದ. ಅವಳ ಕಣ್ಣು ನೀರಿನ ಮೇಲಿತ್ತು. ಅವನ ಕೈ ಅರ್ಧದವರೆಗೆ ಹೋಯಿತು. ನಿಂತಿತು. ಗಂಟಲು ಬಿಗಿದದ್ದು ನೆನಪಾಯಿತು. ತಂಬಿಗೆಯನ್ನು ನೆಲಕ್ಕಿಟ್ಟು ಮೆಲ್ಲಗೆ ಅವಳ ಕಡೆ ಸರಿಸಿದ.

ಹಾಗಲ್ಲ ಎಂಬಂತೆ ಅವಳ ತಲೆ ಅಲುಗಿತು.

ಅವನು ಹಿಂದಕ್ಕೆ ಸರಿದ. ಹೊಸ್ತಿಲು ದಾಟಿದ. ಹೊರಗಿನಿಂದ ಕದ ಎಳೆದುಕೊಂಡು ಓಡಿದ. ಏಣಿ, ಬಣ್ಣದ ಡಬ್ಬಿ, ಚಪ್ಪಲಿ ಎಲ್ಲ ಅಲ್ಲೇ ಬಿಟ್ಟ.

ಹೊರಟಿದ್ದ ಬಸ್ಸನ್ನು ಜೋತುಬಿದ್ದು ಹಿಡಿದ.

"ಎಲ್ಲಿಗ್ರಿ?" ಎಂದ ಕಂಡಕ್ಟರ್.

"ರೋಣ," ಎಂದ ಈಶಪ್ಪ. ದನಿ ಸ್ವಚ್ಛವಾಗಿ ಬಂತು. ಗಂಟಲು ಇನ್ನೂ ತಣ್ಣಗಿತ್ತು.